ಪಗಾರವೂ ಮನ್ನಣೆಯೂ

ಕಲಬುರಗಿ ಜಿಲ್ಲೆಯ ಮೂಡಣದಂಚಿನಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೇಲ್ವೆ ಹಾದಿಯ ಮೇಲೆ, ಸೇಡಂ ದಾಟಿದ ಬಳಿಕ ಕುರಕುಂಟಾ ಎಂಬ ಊರು ಬರುವದು. ಆ ಹಾದಿಯು ನಿಜಾಮರ ಆಳಿಕೆಯಲ್ಲಿ, 1874ರಲ್ಲಿ, ತೆರೆಯಲ್ಪಟ್ಟಿತು. ಆ ಸೀಮೆಯ ನೆಲದ ಮೇಲೆ ತೊಗರಿಯೂ ಜೋಳವೂ ಬೆಳೆಯುವವು. ನೆಲದ ಕೆಳಗೆ ಸುಣ್ಣಗಲ್ಲು ಪದರು ಪದರಾಗಿ ಮಲಗಿರುವದು. ಮನೆಯ ಪಡಸಾಲೆಗೆ ಹಾಸುವ ಶಹಾಬಾದದ ಪರಸಿಯನ್ನು ತುಳಿಯದವರು ನಮ್ಮ ವಾಚಕರಲ್ಲಿ ವಿರಳವೇ ಸರಿ. ಈ ಸೀಮೆಯ ಸುಣ್ಣಗಲ್ಲನ್ನು ಸುಟ್ಟು ಅರೆದು ಸಿಮೆಂಟು ಮಾಡುವ ಉದ್ಯೋಗವು 1920ರ ದಶಕದಲ್ಲಿ ಶಹಾಬಾದದಲ್ಲಿ ಮೊದಲಾಯಿತು. 1968ರಲ್ಲಿ ವಾಡಿಗೆ ಬಂದಿತು. 1980ರ ದಶಕದಲ್ಲಿ ಮಳಖೇಡಕ್ಕೂ ಸೇಡಮ್ಮಿಗೂ ಹಬ್ಬಿತು. ಕುರಕುಂಟಾದಲ್ಲಾದರೋ, ಭಾರತ ಸರಕಾರದ ಸಿಮೆಂಟ್ ಕಾರ್ಪೋರೇಷನ್ನಿನವರ ಕಾರ್ಖಾನೆಯು 1972ರಲ್ಲಿ ಉತ್ಪಾದನೆಗೆ ತೊಡಗಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ನು ಸಿಮೆಂಟು ಮಾಡುವ ಶಕ್ತಿಯು ಅದಕ್ಕಿದ್ದಿತು.

ಹೀಗೆ ಸಾವಿರಾರು ಮನೆಗಳ ಒಲೆಗಳು ತಿಂಗಳ ಪಗಾರದಿಂದಲೇ ಉರಿಯುವ ಸೀಮೆಯಿದು. ಇಂಥಲ್ಲಿ ಪಗಾರವಲ್ಲದ ಇನ್ನೊಂದು ಕೊಡುಗೆಯ ವಿಚಾರವನ್ನು ಎತ್ತುವದು ಕೆಲವರಿಗೆ ಪರಿಹಾಸ್ಯವಾಗಿ ತೋರಬಹುದು. ಹಣವಲ್ಲದ ಬಹುಮಾನದಿಂದ, ಅಂದರೆ ಒಂದು ಹೊಗಳಿಕೆಯ ಮಾತು, ಒಂದು ಪದಕ, ಒಂದು ಪ್ರಶಸ್ತಿಪತ್ರ, ಹತ್ತು ಜನರೆದುರು ಒಂದು ಶಾಲು, ಇಷ್ಟರಿಂದ ದುಡಿಯುವವನ ಮನಸ್ಸು ಅರಳಿ ಅವನ ಕೆಲಸವು ಹೆಚ್ಚುವದೆಂದು ಈಗಿನ ಕಾರ್ಖಾನೆಗಳ ಆಡಳಿತಗಾರರು ನಂಬಿರುವರು. ಈ ನಂಬಿಕೆಯಲ್ಲಿ ಎಷ್ಟು ಹುರುಳಿರುವದು, ಎಲ್ಲಿ ಅದು ಬರಿಯ ಕಪಟವಾಗುವದು ಎಂಬದನ್ನು ನಾವು ಇಲ್ಲಿ ವಿಚಾರಿಸಲಿಚ್ಛಿಸುವೆವು. ದುಡಿಸಿಕೊಳ್ಳುವವರು ಕಾರ್ಖಾನೆಯ ಧಣಿಗಳು ಮಾತ್ರವಲ್ಲ. ಹೊಲಕ್ಕೆ ಆಳು ಕರೆಯುವ ಒಕ್ಕಲಿಗನೂ, ಪಾತ್ರೆ ತೊಳೆಯಲು ಹೆಂಗಸನ್ನು ಇಟ್ಟುಕೊಂಡ ಗೃಹಿಣಿಯೂ ಆ ಗುಂಪಿಗೇ ಸೇರಿದವರು. ಆದಕಾರಣ ಇದು ಮನೆಯಲ್ಲಿ ಕುಳಿತು ಓದತಕ್ಕ ವಿಷಯವೇ ಎಂದು ನಮ್ಮ ಅಭಿಪ್ರಾಯವು.

ಈಗಿನ ರೂಢಿಯನ್ನು ಮೊದಲು ನೋಡುವಾ. ರಾಷ್ಟ್ರೀಯ ಸುರಕ್ಷತಾ ಪರಿಷತ್ತು 1966ರ ಮಾರ್ಚ 4ರಂದು ಸ್ಥಾಪಿತವಾಯಿತು. ಅದರ ನೆನಪಿಗಾಗಿ ಪ್ರತಿವರ್ಷ ಆ ದಿನವನ್ನು ಕಾರ್ಖಾನೆಗಳಲ್ಲಿ ಸುರಕ್ಷತಾ ದಿನವೆಂದು ಆಚರಿಸುವರು. ಬಾವುಟ ಏರಿಸುವದು, ಪ್ರತಿಜ್ಞೆ ಮಾಡಿಸುವದು, ಅಂಗಿಗೆ ಬಿಲ್ಲೆ ಚುಚ್ಚುವದು, ಘೋಷವಾಕ್ಯ ರಚಿಸುವ ಸ್ಪರ್ಧೆ, ಕಾಮಗಾರರ ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ, ಕೊನೆಗೆ ಬಹುಮಾನ ಹಂಚುವ ಸಭೆ ಹೀಗೆ ಅದು ಸಾಗುವದು. ಸುಣ್ಣಗಲ್ಲಿನ ಗಣಿಗಳಲ್ಲಿ ಇದಕ್ಕೆಂದೇ ಬೇರೊಂದು ವಾರವುಂಟು. ಆಗ ಒಂದು ಗಣಿಯವರನ್ನು ಇನ್ನೊಂದು ಗಣಿಯವರ ಎದುರು ನಿಲ್ಲಿಸಿ, ಪ್ರಥಮ ಚಿಕಿತ್ಸೆಯೇ ಮೊದಲಾದವುಗಳಲ್ಲಿ ಪಂದ್ಯ ಇಡುವರು. ಗಣಿಗಳಿಗಾಗಿ ರಾಷ್ಟ್ರೀಯ ಸುರಕ್ಷತಾ ಪ್ರಶಸ್ತಿಗಳನ್ನು 1983ರಲ್ಲಿ ಮೊದಲು ಮಾಡಿದರು. ಪ್ರಧಾನ ಮಂತ್ರಿಗಳ ಶ್ರಮ ಪ್ರಶಸ್ತಿಗಳನ್ನು 1985ರಲ್ಲಿ. ಈ ಶ್ರಮ ಪ್ರಶಸ್ತಿಯಲ್ಲಿ ಶ್ರಮರತ್ನ, ಶ್ರಮಭೂಷಣ, ಶ್ರಮವೀರ, ಶ್ರಮಶ್ರೀ ಎಂದು ನಾಲ್ಕು ಮೆಟ್ಟಿಲುಗಳು. ಸನದಿನೊಡನೆ ಹಣವೂ ಉಂಟು. ಇನ್ನು ಸಪ್ಟಂಬರ 17ರ ಮಾತು. ಆ ದಿನ ಅನೇಕ ಕಾರ್ಖಾನೆಗಳಲ್ಲಿ ವಿಶ್ವಕರ್ಮನ ಪೂಜೆಯಾಗಿ ಯಂತ್ರಗಳಿಗೆ ಹೂ ಏರಿಸುವರು; ನಮ್ಮ ಸೀಮೆಗೆ ಅದೇ ತಾರೀಖು 1948ರಲ್ಲಿ ಹೈದರಾಬಾದ ಸಂಸ್ಥಾನವು ಭಾರತಕ್ಕೆ ಸೇರಿದ ದಿನವೂ ಹೌದು. ಯಂತ್ರಕ್ಕೆ ಮಾಲೆ, ಬಾವುಟಕ್ಕೆ ವಂದನೆ ಎರಡೂ ಸಲ್ಲುವ ದಿನದಲ್ಲಿ ಯಂತ್ರವನ್ನು ನಡೆಸುವವನ ಕೊರಳಿಗೆ ಏನು ಬೀಳುವದೆಂಬದೇ ನಮ್ಮ ಪ್ರಶ್ನೆಯು.

ಈ ರೂಢಿಗಳನ್ನು ಪಾಶ್ಚಾತ್ಯರಿಂದ ಕಡ ತಂದವೆಂದು ತಿಳಿಯುವವರುಂಟು. ಅದು ಸರಿಯಲ್ಲ. ಕುರಕುಂಟಾ ಯಾವ ಸೇಡಂ ತಾಲೂಕಿನಲ್ಲಿರುವದೋ ಅದೇ ತಾಲೂಕಿನಲ್ಲಿ, ಕಾಗಿಣಾ ಹೊಳೆಯ ದಂಡೆಯ ಮೇಲೆ, ಮಳಖೇಡವಿರುವದು. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂದರೆ ಇದೇ. ಆ ಮನೆತನದ ಮೂರನೆಯ ಕೃಷ್ಣನು ಪೊನ್ನಕವಿಗೆ 'ಉಭಯಕವಿಚಕ್ರವರ್ತಿ' ಎಂಬ ಬಿರುದನ್ನು ಕೊಟ್ಟದ್ದು ಸಾಹಿತ್ಯ ಬಲ್ಲವರಿಗೆಲ್ಲ ತಿಳಿದಿರುವದು. ಆದರೆ ಅದೇ ಅರಸನ ಕಾಲದ ಇನ್ನೊಂದು ಸಂಗತಿಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಅದನ್ನು ಸಾವಕಾಶವಾಗಿ ಹೇಳುವೆವು.

ಕ್ರಿ. ಶ. 949ರಲ್ಲಿ ತಕ್ಕೋಲವೆಂಬಲ್ಲಿ, ಇಂದಿನ ತಮಿಳುನಾಡಿನಲ್ಲಿ, ಕೃಷ್ಣನ ಸೈನ್ಯಕ್ಕೂ ಚೋಳರಿಗೂ ಘೋರ ಯುದ್ಧವಾಯಿತು. ಗಂಗರ ಇಮ್ಮಡಿ ಬೂತುಗನು ಕೃಷ್ಣನ ಪಕ್ಷದಲ್ಲಿದ್ದು ಚೋಳ ರಾಜಕುಮಾರನಾದ ರಾಜಾದಿತ್ಯನನ್ನು ಕೊಂದನು. ಆ ಬೂತುಗನ ಕೈಕೆಳಗೆ ಮಣಲೆರನೆಂಬ ವೀರನೊಬ್ಬನಿದ್ದನು. ಅವನು ಒಡೆಯನ ಮುಂದೆ ನಿಂತು ಕಾದಿದ ಪರಿಯನ್ನು ಕಣ್ಣಾರೆ ಕಂಡ ಬೂತುಗನು ಮೆಚ್ಚಿ, ಬೇಕಾದದ್ದನ್ನು ಬೇಡಿಕೊಳ್ಳೆಂದನು. ಮಣಲೆರನು ಬೇಡಿದ್ದು ಹೊನ್ನನ್ನಲ್ಲ, ಕುದುರೆಯನ್ನಲ್ಲ. ಕಾಳಿ ಎಂಬ ಹೆಸರಿನ ಒಡೆಯನ ಬೇಟೆನಾಯಿಯನ್ನು ತನಗೆ ದಯಪಾಲಿಸಬೇಕೆಂದು ಬೇಡಿದನು, ಬೂತುಗನು ಕೊಟ್ಟನು. ಮುಂದೆ ಆ ಕಾಳಿಯು ಬೆಟ್ಟದ ತಪ್ಪಲಿನಲ್ಲಿ ದೊಡ್ಡ ಹಂದಿಯೊಂದರ ಮೇಲೆ ಎರಗಲು, ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರನು ಆತಕೂರಿನ ದೇವಾಲಯದ ಎದುರಿನಲ್ಲಿ ನಾಯಿಯ ಹೆಸರಿನಿಂದ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಟ್ಟನು. ಪೂಜಿಸದೆ ಉಂಡ ಗೊರವನಿಗೆ ನಾಯಿ ಗೈದ ಪಾಪವು ತಟ್ಟಲೆಂದು ಆ ಕಲ್ಲಿನಲ್ಲಿ ಬರೆಯಿಸಲ್ಪಟ್ಟಿರುವದು. ನಾಯಿಯೂ ಹಂದಿಯೂ ಕಾದುತ್ತಿರುವ ಚಿತ್ರವು ಅದರ ಮೇಲೆ ಕೆತ್ತಲ್ಪಟ್ಟಿದೆ. ಆತಕೂರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿದೆ; ಕಲ್ಲನ್ನು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, 'ನೋಡಿರಿ, ಹಣಕ್ಕಿಂತ ಪ್ರೀತಿಯೇ ದೊಡ್ಡದು' ಎಂದು ಬಿಡುವರು. ಆದರೆ ಅದೇ ಕಲ್ಲಿನಲ್ಲಿ ಇನ್ನೊಂದು ಮಾತು ಇರುವದು: ಬೂತುಗನು ಮಣಲೆರನಿಗೆ ಬಾಳ್ಗಚ್ಚಾಗಿ, ಅಂದರೆ ರಣದಲ್ಲಿ ನೆತ್ತರು ಹತ್ತಿದ ಕತ್ತಿಯನ್ನು ತೊಳೆದ ಗೌರವವಾಗಿ, ಊರುಗಳನ್ನೂ ಕೊಟ್ಟಿದ್ದನು. ಹೊಟ್ಟೆಗೆ ಊರು, ಮನಸ್ಸಿಗೆ ನಾಯಿ! ಊರುಗಳು ಅವನಿಗೆ ಸಿಗದೆ ನಾಯಿಯೊಂದೇ ಸಿಕ್ಕಿದ್ದರೆ ಅವನು ಕಲ್ಲು ನಿಲ್ಲಿಸುತ್ತಿದ್ದನೋ ಇಲ್ಲವೋ, ನಾವು ಹೇಳಲಾರೆವು. ಪೂಜೆಗೆ ಬಿಡಲು ಭೂಮಿಯಂತೂ ಅವನ ಕೈಯಲ್ಲಿ ಇರುತ್ತಿರಲಿಲ್ಲ. ಇನ್ನೂ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಬೂತುಗನು ಮೆಚ್ಚಿದ್ದು ಬೇರೆಯವರ ವರದಿ ಕೇಳಿಯಲ್ಲ. ತನ್ನೆದುರಿಗೆ ನಡೆದ ಕೆಲಸವನ್ನು ನೋಡಿ. ಕೊಡತಕ್ಕದ್ದನ್ನು ತಾನೇ ನಿಶ್ಚಯಿಸದೆ ಏನು ಬೇಕೆಂದು ಕೇಳಿದನು. ಈಗಿನ ಸಭೆಗಳಲ್ಲಿ ಎಲ್ಲರಿಗೂ ಒಂದೇ ಅಳತೆಯ ಗಾಜಿನ ಫಲಕವನ್ನು ಹಂಚುವಾಗ ಈ ಎರಡು ಗುಣಗಳೂ ಎಲ್ಲಿ ಹೋದವೆಂದು ಕೇಳಬೇಕಾಗುವದು.

ಬಿರುದುಗಳ ಚರಿತ್ರೆಯನ್ನು ಬೆಳೆಸುವದು ಇಲ್ಲಿ ಬೇಡ. ನಿಜಾಮರು ಜಂಗ್, ದೌಲಾ, ಮುಲ್ಕ್ ಎಂದು ಹೆಸರಿನ ಬಾಲಕ್ಕೆ ಕಟ್ಟುತ್ತಿದ್ದರು. ಮೈಸೂರಿನ ಅರಸರು ಹೆಸರಿನ ತಲೆಗೆ ಕಟ್ಟುತ್ತಿದ್ದರು. 'ರಾಜಸೇವಾಸಕ್ತ' ಬಿ. ಎಂ. ಶ್ರೀಕಂಠಯ್ಯನವರ ಹೆಸರು ಕನ್ನಡಿಗರಿಗೆಲ್ಲ ಪರಿಚಿತವಷ್ಟೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೆಯ ಅನುಚ್ಛೇದವು ಸರಕಾರವು ಬಿರುದು ಕೊಡುವದನ್ನು ನಿಲ್ಲಿಸಿತು. ಸೈನ್ಯದ ಮತ್ತು ವಿದ್ಯೆಯ ಪದವಿಗಳಿಗೆ ಮಾತ್ರ ವಿನಾಯಿತಿಯುಂಟು. ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲವೆಂದೂ, ಅವನ್ನು ಹೆಸರಿನ ಹಿಂದುಮುಂದೆ ಅಂಟಿಸಿಕೊಳ್ಳಕೂಡದೆಂದೂ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಅಂಟಿಸಿಕೊಳ್ಳುವವರು ಇಂದಿಗೂ ಅಂಟಿಸಿಕೊಳ್ಳುವರು. ಮನ್ನಣೆಯ ಹಸಿವು ಎಷ್ಟೆಂಬದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ಪಾಶ್ಚಾತ್ಯ ಪಂಡಿತರ ಪರೀಕ್ಷೆಗಳ ಕಡೆಗೆ ತಿರುಗುವಾ. ಅಮೇರಿಕೆಯ ಶಿಕಾಗೋ ನಗರದ ಬಳಿ ಹಾಥಾರ್ನ್ ಎಂಬ ಟೆಲಿಫೋನು ಸಾಮಗ್ರಿಯ ಕಾರ್ಖಾನೆಯಿದ್ದಿತು. ಅಲ್ಲಿ 1924ರಿಂದ 1932ರ ವರೆಗೆ ಕೆಲವು ಪ್ರಯೋಗಗಳು ನಡೆದವು. ದೀಪದ ಬೆಳಕನ್ನು ಹೆಚ್ಚಿಸಿದರೆ ಕೆಲಸವು ಹೆಚ್ಚುವದೋ ಎಂದು ನೋಡಹೋದವರಿಗೆ, ಬೆಳಕನ್ನು ತಗ್ಗಿಸಿದಾಗಲೂ ಕೆಲಸವು ತಗ್ಗದಿದ್ದದ್ದು ಕಂಡುಬಂದಿತು. ಮುಂದೆ ಕೆಲವು ಹೆಣ್ಣುಮಕ್ಕಳನ್ನು ಬೇರೊಂದು ಕೋಣೆಯಲ್ಲಿ ಕೂಡಿಸಿ, ಅವರ ವಿಶ್ರಾಂತಿಯ ವೇಳೆಯನ್ನೂ ಕೆಲಸದ ವೇಳೆಯನ್ನೂ ಬದಲಿಸುತ್ತ ಹೋದರು; ಉತ್ಪಾದನೆಯು ಏರುತ್ತಲೇ ನಡೆಯಿತು. ತಮ್ಮನ್ನು ಯಾರೋ ಗಮನಿಸುತ್ತಿರುವರು, ತಮ್ಮ ಮಾತನ್ನು ಕೇಳುತ್ತಿರುವರು ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ಎಲ್ಟನ್ ಮೇಯೋ ಮೊದಲಾದವರು ಸಾರಿದರು. ಆದರೆ ಮುಂದಿನ ಪಂಡಿತರು ಆ ಲೆಕ್ಕಗಳನ್ನು ಮತ್ತೆ ತೆರೆದು ನೋಡಿ, ಆ ಕೋಣೆಯ ಹೆಣ್ಣುಮಕ್ಕಳ ಕೂಲಿಯ ಪದ್ಧತಿಯೂ ಬದಲಾಗಿದ್ದಿತೆಂಬದನ್ನು ಎತ್ತಿ ತೋರಿಸಿದರು: ದೊಡ್ಡ ವಿಭಾಗದ ಒಟ್ಟು ಕೆಲಸಕ್ಕೆ ಬದಲಾಗಿ ತಮ್ಮ ಚಿಕ್ಕ ಗುಂಪಿನ ಕೆಲಸಕ್ಕೆ ತಕ್ಕಂತೆ ಅವರಿಗೆ ಹಣ ಸಿಗುತ್ತಿದ್ದಿತು. ಅಲ್ಲಿಯೂ ಊರು ಮತ್ತು ನಾಯಿ ಕೂಡಿಯೇ ಇದ್ದವೆಂದಾಯಿತು.

ಇದನ್ನು ಬಿಡಿಸಿ ನೋಡುವ ಯತ್ನವನ್ನು ಹರ್ಜ್‌ಬರ್ಗ್ ಎಂಬವನು ಮಾಡಿದನು. ಅವನೂ ಅವನ ಸಂಗಡಿಗರೂ ಪಿಟ್ಸ್‌ಬರ್ಗ್ ಸೀಮೆಯ ಸುಮಾರು 200 ಇಂಜಿನಿಯರರನ್ನೂ ಲೆಕ್ಕಿಗರನ್ನೂ ಕಂಡು, ಕೆಲಸದಲ್ಲಿ ನಿಮಗೆ ಅತಿ ಸಂತೋಷವಾದದ್ದು ಯಾವಾಗ, ಅತಿ ಬೇಸರವಾದದ್ದು ಯಾವಾಗ ಎಂದು ಕೇಳಿ, 1959ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಸಂತೋಷದ ಕಥೆಗಳಲ್ಲಿ ಕೆಲಸ ಸಾಧಿಸಿದ್ದೂ ಅದಕ್ಕೆ ಮನ್ನಣೆ ದೊರೆತದ್ದೂ ಮೇಲಿಂದ ಮೇಲೆ ಬಂದವು; ಬೇಸರದ ಕಥೆಗಳಲ್ಲಿ ಮೇಲಧಿಕಾರಿಗಳ ಕಿರುಕುಳ, ಆಡಳಿತದ ಅವ್ಯವಸ್ಥೆಗಳು ಬಂದವು. ಪಗಾರವು ಸಾಲದಿದ್ದರೆ ಮನುಷ್ಯನು ಕೊರಗುವನು; ಸಾಕಷ್ಟಿದ್ದ ಮಾತ್ರಕ್ಕೆ ಅರಳುವನೆಂದಲ್ಲ; ಇದು ಅವನ ಸಿದ್ಧಾಂತದ ತಿರುಳು. ವಿದ್ಯಾವಂತರಾದ ಇಂಜಿನಿಯರರ ಮಾತನ್ನು ಕಲ್ಲು ಒಡೆಯುವ ಕೂಲಿಗೆ ಹಚ್ಚುವದು ಎಷ್ಟರ ಮಟ್ಟಿಗೆ ಯೋಗ್ಯವೆಂಬ ಸಂಶಯವು ನಮಗುಂಟು.

ಮಕ್ಕಳ ತಾಯಂದಿರಿಗೆ ಉಪಯುಕ್ತವಾದ ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ್ದು ಇದು. ಚಿಕ್ಕ ಮಕ್ಕಳ ಶಾಲೆಯೊಂದರಲ್ಲಿ, ಬಣ್ಣದ ಲೇಖನಿಗಳಿಂದ ಚಿತ್ರ ಬರೆಯುವದರಲ್ಲಿ ತಾವಾಗಿಯೇ ಆಸಕ್ತಿಯುಳ್ಳ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ಬಂಗಾರದ ಮುದ್ರೆಯ, ಪಟ್ಟಿ ಕಟ್ಟಿದ ಪ್ರಶಸ್ತಿಪತ್ರವನ್ನು ಕೊಡುವೆವೆಂದು ಮೊದಲೇ ಹೇಳಿ, ಬರೆಯಿಸಿ, ಕೊಟ್ಟರು. ಕೆಲವರಿಗೆ ಏನೂ ಹೇಳದೆ ಬರೆಯಿಸಿ, ಆಮೇಲೆ ಅಕಸ್ಮಾತ್ತಾಗಿ ಅದೇ ಪತ್ರವನ್ನು ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ಬಳಿಕ ಲೇಖನಿಗಳನ್ನು ಮತ್ತೆ ಮುಂದಿಟ್ಟು ದೂರದಿಂದ ನೋಡಲಾಗಿ, ಪ್ರಶಸ್ತಿಯ ಆಸೆಯಿಂದ ಬರೆದ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಕಡೆಗೆ ಕೈಚಾಚಿದರು! ಅಕಸ್ಮಾತ್ತಾಗಿ ಪಡೆದವರ ಆಸಕ್ತಿಯು ಕುಂದಿರಲಿಲ್ಲ. ಇಲ್ಲಿ ಹಣದ ಸುಳಿವೇ ಇಲ್ಲ. ಇದ್ದದ್ದು ಒಂದು ಕಾಗದದ ತುಂಡು. ಹಣವಲ್ಲವೆಂದ ಮಾತ್ರಕ್ಕೆ ಬಹುಮಾನವು ನಿರ್ದೋಷಿಯಲ್ಲ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಮುಂಚೆಯೇ ಆಮಿಷವನ್ನು ಕಟ್ಟಿದರೆ, ಆ ಕೆಲಸವೇ ಆಮಿಷಕ್ಕೆ ತೆತ್ತ ದಂಡದಂತೆ ತೋರತೊಡಗುವದು. 'ಪಾಠ ಓದಿದರೆ ಪೇಢೆ ಕೊಡುವೆ' ಎನ್ನುವ ಅಜ್ಜಿಯರು ಕೋಪಿಸಿಕೊಳ್ಳಬಾರದು. ಓದಿ ಮುಗಿಸಿದ ಬಳಿಕ ಪೇಢೆ ಕೊಟ್ಟರೆ ಅದರ ರುಚಿಯೇನೂ ಕೆಡುವದಿಲ್ಲ.

ಆಮಿಷದಿಂದಾಗುವ ಕೇಡು ಮಕ್ಕಳ ಚಿತ್ರಕ್ಕಷ್ಟೇ ನಿಂತಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅದು ಕೈಕಾಲಿನ ಪ್ರಶ್ನೆಯಾಗುವದು. ಇಷ್ಟು ದಿನ ಅಪಘಾತವಾಗಲಿಲ್ಲವೆಂದು ಬಾಗಿಲಲ್ಲಿ ಫಲಕ ಹಾಕಿ, ಇಷ್ಟು ದಿನ ತುಂಬಿದರೆ ಇಡೀ ವಿಭಾಗಕ್ಕೆ ಬಹುಮಾನವೆಂದು ಸಾರಿದರೆ ಏನಾಗುವದು? ಒಬ್ಬನ ಬೆರಳು ಜಜ್ಜಿದರೆ ಅವನು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸುಮ್ಮನಿರುವನು. ಹೇಳಿದರೆ ಸಂಗಡಿಗರೆಲ್ಲರ ಬಹುಮಾನವನ್ನು ಕೆಡಿಸಿದ ಪಾಪಿಯಾಗುವನು. ಫಲಕದ ಮೇಲಿನ ಅಂಕಿಯು ಬೆಳೆಯುವದು, ಯಂತ್ರದ ದೋಷವು ಹಾಗೆಯೇ ಉಳಿಯುವದು, ಎರಡನೆಯವನ ಕೈಯೇ ಹೋಗುವದು. ಇದು ನಮ್ಮ ಕಲ್ಪನೆಯಲ್ಲ. ಅಮೇರಿಕೆಯ ಸರಕಾರದ ಕಾರ್ಮಿಕ ಸುರಕ್ಷತೆಯ ಇಲಾಖೆಯವರು 2012ರಲ್ಲಿ ತಮ್ಮ ಅಧಿಕಾರಿಗಳಿಗೆ ಬರೆದ ಸೂಚನೆಯಲ್ಲಿ, ಗಾಯವಾಗಲಿಲ್ಲವೆಂಬುದಕ್ಕೆ ಬಹುಮಾನ ಕೊಡುವ ಯೋಜನೆಗಳು ಗಾಯವನ್ನು ಮುಚ್ಚಿಡುವಂತೆ ಕಾಮಗಾರರನ್ನು ಪ್ರೇರಿಸಬಹುದೆಂದು ಸ್ಪಷ್ಟವಾಗಿ ಎಚ್ಚರಿಸಿದರು. ಬಹುಮಾನ ಕೊಡುವದೇ ಆದರೆ, ಸಡಿಲವಾದ ಹಲಗೆಯನ್ನು ಅಥವಾ ತೆರೆದ ಪಟ್ಟೆಯನ್ನು ಮೊದಲು ಕಂಡು ಹೇಳಿದವನಿಗೆ ಕೊಡಬೇಕೆಂಬದು ಸುರಕ್ಷತೆಯನ್ನು ಬಲ್ಲವರ ಮತವು. ನಮ್ಮ ಸೀಮೆಯ ಗೃಹಿಣಿಯರು ಗಂಡನು ತಂದ ಬಹುಮಾನದ ಟಿಫಿನ್ ಡಬ್ಬಿಯನ್ನು ನೋಡಿ ಹಿಗ್ಗುವಾಗ, ಅದು ಯಾವದಕ್ಕಾಗಿ ಬಂದಿತೆಂದು ಒಂದು ಮಾತು ಕೇಳಿದರೆ ಒಳ್ಳೆಯದು.

ರಶಿಯದ ಸ್ಟಖಾನೋವನ ಹೆಸರನ್ನೂ ಇಲ್ಲಿ ಒಂದಿಷ್ಟು ನೆನೆಯಬೇಕು. 1935ರ ಆಗಸ್ಟ 31ರಂದು ಆ ಗಣಿಗಾರನು ಒಂದೇ ಪಾಳಿಯಲ್ಲಿ 102 ಟನ್ನು ಕಲ್ಲಿದ್ದಲನ್ನು ಕಡಿದನೆಂದು, ಅದು ಗೊತ್ತುಪಡಿಸಿದ ಪ್ರಮಾಣದ 14 ಪಟ್ಟೆಂದು ಸಾರಿ, ಅವನನ್ನು ದೇಶಕ್ಕೆಲ್ಲ ಮೇಲ್ಪಂಕ್ತಿಯಾಗಿ ನಿಲ್ಲಿಸಿದರು. ಸುರಂಗಕ್ಕೆ ಕಂಬ ಕೊಡುತ್ತ ಅವನ ಹಿಂದೆ ದುಡಿದವರ ಲೆಕ್ಕವು ಆ ಅಂಕಿಯಲ್ಲಿ ಬರಲಿಲ್ಲ. ಮರುವರ್ಷ ಉಳಿದೆಲ್ಲ ಕಾಮಗಾರರ ಮೇಲಿನ ಗೊತ್ತುವಳಿಯ ಪ್ರಮಾಣವನ್ನು ಏರಿಸಿದರು. ಒಬ್ಬನ ಕೊರಳ ಮಾಲೆಯು ಹಲವರ ಬೆನ್ನಿನ ಹೊರೆಯಾದದ್ದು ಹೀಗೆ.

ಇಷ್ಟೆಲ್ಲ ಹೇಳಿದ್ದರಿಂದ ಮನ್ನಣೆಯನ್ನೇ ನಾವು ತೆಗಳುವೆವೆಂದು ವಾಚಕರು ಭಾವಿಸಕೂಡದು. ನಮ್ಮ ರಾಜ್ಯದ ಸಾರಿಗೆ ನಿಗಮಗಳಲ್ಲಿ ವರ್ಷಾನುವರ್ಷ ಅಪಘಾತವಿಲ್ಲದೆ ಬಸ್ಸು ನಡೆಸಿದ ಚಾಲಕರಿಗೆ ಬೆಳ್ಳಿಯ ಪದಕ, ಅದನ್ನೂ ಮೀರಿದವರಿಗೆ ಚಿನ್ನದ ಪದಕ ಕೊಡುವ ಪದ್ಧತಿಯಿರುವದು. ಇದನ್ನು ನಾವು ಬಹಳ ಮೆಚ್ಚುವೆವು. ಬಸ್ಸು ಬಡಿದದ್ದನ್ನು ಯಾರೂ ಬಟ್ಟೆಯಲ್ಲಿ ಸುತ್ತಿಡಲಾರರು. ಆದುದರಿಂದ ಈ ಲೆಕ್ಕದಲ್ಲಿ ಮೋಸಕ್ಕೆ ಎಡೆಯು ಕಡಿಮೆ. ಒಂದು ದಿನದ ಪರಾಕ್ರಮಕ್ಕಲ್ಲದೆ ಅನೇಕ ವರ್ಷಗಳ ಎಚ್ಚರಕ್ಕೆ ಅದು ಸಲ್ಲುವದು. ಮೇಲಾಗಿ ಅಪಘಾತವಾಗದ ದಿನವನ್ನು ಯಾವ ವೃತ್ತಪತ್ರವೂ ಬರೆಯುವದಿಲ್ಲ. ಆಗದೇ ಹೋದ ಕೇಡನ್ನು ಗುರುತಿಸಿ ಗೌರವಿಸುವ ಮಾರ್ಗವು ಇದೊಂದೇ. ಚಿಂಚೋಳಿಯ ಹಾದಿಯಲ್ಲಿ ಕುಡಿಮೀಸೆಯ ಚಾಲಕನೊಬ್ಬನ ಎದೆಯ ಮೇಲೆ ಆ ಪದಕವನ್ನು ಕಂಡ ಪ್ರಯಾಣಿಕನು ನಿಶ್ಚಿಂತನಾಗಿ ನಿದ್ದೆ ಮಾಡಬಹುದು.

ಇನ್ನೊಂದು ಸಂಗತಿಯು ಮಾತ್ರ ನಮ್ಮನ್ನು ನಿದ್ದೆ ಮಾಡಗೊಡದು. ಮನ್ನಣೆಯು ಪಗಾರದ ಮೇಲೆ ಬೀಳುವ ತುಪ್ಪವಾಗದೆ, ಪಗಾರದ ಬದಲಾಗಿ ಬಡಿಸಲ್ಪಟ್ಟಾಗ ಆಗುವ ಅನ್ಯಾಯವೇ ಅದು. ನಮ್ಮ ದೇಶದಲ್ಲಿ ಬಾಲಕರ ಪೋಷಣೆಯ ಅಂಗನವಾಡಿ ಯೋಜನೆಯು 1975ರ ಅಕ್ಟೋಬರ 2ರಂದು 33 ವಿಭಾಗಗಳಲ್ಲಿ ಮೊದಲಾಯಿತು; ಅವುಗಳಲ್ಲಿ ನಮ್ಮ ಕರ್ನಾಟಕದ ಟಿ. ನರಸೀಪುರವೂ ಒಂದು. 2005ರಲ್ಲಿ ಗ್ರಾಮಗಳ ಆರೋಗ್ಯಕ್ಕಾಗಿ ಆಶಾ ಕಾರ್ಯಕರ್ತೆಯರು ಬಂದರು. ಇವರು ಊರಿನ ಹೆಣ್ಣುಮಕ್ಕಳೇ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಕೂಸುಗಳಿಗೆ ಲಸಿಕೆ ಹಾಕಿಸುವವರು. ಆದರೆ ಇವರು ನೌಕರರಲ್ಲವಂತೆ, ಸ್ವಯಂಸೇವಕಿಯರಂತೆ; ಇವರಿಗೆ ಸಿಗುವದು ಪಗಾರವಲ್ಲವಂತೆ, 'ಗೌರವಧನ'ವಂತೆ! ಎಷ್ಟು ಚೆಲುವಾದ ಶಬ್ದವು! ಗೌರವವೆಂಬ ಮುಂದಿನ ಪದವು ಧನವೆಂಬ ಹಿಂದಿನ ಪದವನ್ನು ನುಂಗಿ ಕುಳಿತಿರುವದು.

ಕೊರೋನಾ ಮಹಾಮಾರಿಯಲ್ಲಿ ಇವರು ಮನೆಮನೆಗೆ ಅಲೆದದ್ದನ್ನು ಎಲ್ಲರೂ ಬಲ್ಲರು. ಜಗತ್ತಿನ ಆರೋಗ್ಯ ಸಂಸ್ಥೆಯವರು 2022ರ ಮೇ 22ರಂದು ಭಾರತದ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆಲ್ಲ ಒಟ್ಟಾಗಿ ತಮ್ಮ ಶ್ರೇಷ್ಠ ಪ್ರಶಸ್ತಿಯನ್ನು ಸಾರಿದರು. ಹಣವಲ್ಲದ ಮನ್ನಣೆಯಲ್ಲಿ ಇದಕ್ಕಿಂತ ಎತ್ತರದ್ದು ಯಾವದುಂಟು? ಆದರೂ 2025ರ ಜನವರಿಯಲ್ಲಿ, ಮಾಗಿಯ ಚಳಿಯಲ್ಲಿ, ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕೂಡಬೇಕಾಯಿತು. ತಿಂಗಳಿಗೆ ಇಷ್ಟೆಂದು ನಿಶ್ಚಿತವಾದ ಹಣವು ತಮಗೆ ಬೇಕೆಂಬದು ಅವರ ಬೇಡಿಕೆಯಾಗಿದ್ದಿತು. ಕನಿಷ್ಠ 10,000 ರೂಪಾಯಿ ದೊರೆಯುವಂತೆ ಮಾಡುವೆವೆಂದು ಮುಖ್ಯಮಂತ್ರಿಗಳು ಭರವಸೆಯಿತ್ತ ಮೇಲೆ ಎದ್ದರು. ಅಂಗನವಾಡಿಯವರಿಗಂತೂ, ನೀವು ಗೌರವಧನದವರೆಂಬ ಕಾರಣದಿಂದ ನಿವೃತ್ತಿಯ ಕಾಲದ ಗ್ರಾಚ್ಯುಇಟಿಯು ನಿಮಗಿಲ್ಲವೆನ್ನಲಾಗುತ್ತಿದ್ದಿತು. ಅದು ಅವರಿಗೆ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ 25ರಂದು ಹೇಳಿತು. ಗೌರವವೇ ಗೌರವಿಸಲ್ಪಟ್ಟವಳ ಹಕ್ಕಿಗೆ ಅಡ್ಡವಾಗಿ ನಿಂತದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ನಮಗೆ ತಿಳಿಯದು.

ಕುರಕುಂಟಾದ ಕಾರ್ಖಾನೆಯ ಕಡೆಗೆ ಈಗ ತಿರುಗಿ ಬರುವೆವು. ಸಿಮೆಂಟ್ ಕಾರ್ಪೋರೇಷನ್ನು ನಷ್ಟದಲ್ಲಿ ಮುಳುಗಿ 1996ರಲ್ಲಿ ರೋಗಗ್ರಸ್ತ ಸಂಸ್ಥೆಯೆಂದು ನಿರ್ಣಯಿಸಲ್ಪಟ್ಟಿತು. ಅದರ ಹತ್ತು ಕಾರ್ಖಾನೆಗಳಲ್ಲಿ ಏಳರ ಕೆಲಸವು 1996ರಿಂದ 1999ರೊಳಗೆ ನಿಂತಿತು. ಕುರಕುಂಟಾದ್ದು ನಿಂತದ್ದು 1998ರಲ್ಲಿ. 2006ರಲ್ಲಿ ಸಂಸ್ಥೆಯ ಪುನರುಜ್ಜೀವನಕ್ಕೆಂದು ಮಾಡಿದ ಯೋಜನೆಯಲ್ಲಿ ಅಸ್ಸಾಮದ ಬೊಕಾಜಾನ, ಹಿಮಾಚಲದ ರಾಜಬನ, ಮತ್ತು ನಮ್ಮ ನೆರೆಯ ತಾಂಡೂರ ಈ ಮೂರನ್ನೇ ಉಳಿಸಿಕೊಂಡರು. ರೈಲಿನಲ್ಲಿ ಮುಂದೆ ಸಿಕ್ಕುವ ತಾಂಡೂರಿಗೆ ಜೀವ ಬಂದಿತು. ಕುರಕುಂಟಾವು ಮುಚ್ಚತಕ್ಕವುಗಳ ಪಟ್ಟಿಯಲ್ಲಿಯೇ ಉಳಿಯಿತು. ಇಂಥ ಕಾರ್ಖಾನೆಯೊಂದು ಮುಚ್ಚಿದಾಗ ಅಲ್ಲಿ ದುಡಿದವನ ಮನೆಯ ಗೋಡೆಯ ಮೇಲಿನ ಪ್ರಶಸ್ತಿಪತ್ರಕ್ಕೆ ಏನು ಬೆಲೆ? ಕಿರಾಣಿ ಅಂಗಡಿಯವನು ಅದನ್ನು ಒತ್ತೆಯಿಟ್ಟುಕೊಳ್ಳುವದಿಲ್ಲ. ಬೇರೊಂದು ಕಾರ್ಖಾನೆಯ ಬಾಗಿಲಲ್ಲಿ ಅದನ್ನು ತೋರಿಸಿದರೆ, ಅದರಲ್ಲಿ 'ಉತ್ತಮ ಸೇವೆ' ಎಂದು ಮಾತ್ರ ಇದ್ದರೆ, ಯಾರೂ ಅದನ್ನು ಎರಡನೆಯ ಸಲ ನೋಡುವದಿಲ್ಲ. 'ಇವನು ಬಟ್ಟಿಯ ಇಂಥ ಕೆಲಸವನ್ನು ಬಲ್ಲನು, ಇಷ್ಟು ವರ್ಷ ಮಾಡಿದನು, ಇಂಥವರಿಗೆ ಕಲಿಸಿದನು' ಎಂದಿದ್ದರೆ ಅದೇ ಕಾಗದವು ಅನ್ನದ ದಾರಿಯಾಗಬಹುದು. ಹೊಗಳಿಕೆಯ ಮಾತು ಎಷ್ಟು ನಿಖರವೋ ಅದರ ಆಯುಷ್ಯವು ಅಷ್ಟು ದೀರ್ಘವೆಂದು ನಾವು ತಿಳಿಯುವೆವು. ಬೆಂಗಳೂರಿನ ಎಚ್. ಎಂ. ಟಿ. ಗಡಿಯಾರವು ಒಂದು ಕಾಲಕ್ಕೆ ಎಷ್ಟೋ ಕಚೇರಿ ಕಾರ್ಖಾನೆಗಳಲ್ಲಿ ನಿವೃತ್ತರಿಗೆ ಕೊಡುವ ಉಡುಗೊರೆಯಾಗಿದ್ದಿತು. ಆ ಗಡಿಯಾರಗಳನ್ನು ಮಾಡುವ ಸಂಸ್ಥೆಯನ್ನೇ ಮುಚ್ಚುವದೆಂದು 2016ರಲ್ಲಿ ಸರಕಾರವು ನಿರ್ಣಯಿಸಿತು. ಕೈಯಲ್ಲಿದ್ದ ಗಡಿಯಾರಗಳು ಕೀಲಿ ಕೊಟ್ಟರೆ ಇನ್ನೂ ನಡೆಯುತ್ತಿರುವವು.

ಇನ್ನೊಂದು ವರ್ಗದವರನ್ನು ಮರೆಯಲಾಗದು. ಈಗಿನ ಕಾರ್ಖಾನೆಗಳಲ್ಲಿ ಗುತ್ತೇದಾರನ ಕೈಕೆಳಗೆ ಚೀಲ ಹೊರುವವರು, ಧೂಳು ಬಳಿಯುವವರು ಬಹುಮಂದಿ. ಬಹುಮಾನದ ಸಭೆಯಲ್ಲಿ ಇವರು ಕುರ್ಚಿಗಳನ್ನು ಹಾಕುವರು. ಕುರ್ಚಿಯ ಮೇಲೆ ಕೂಡುವದು ಅಪರೂಪ. ಪಟ್ಟಿಯಲ್ಲಿಯೇ ಹೆಸರಿಲ್ಲದವನಿಗೆ ಪ್ರಶಸ್ತಿಯು ಎಲ್ಲಿಂದ ಬರಬೇಕು?

ನಮ್ಮ ಒಕ್ಕಲುತನದಲ್ಲಿ ಈ ವಿಷಯವು ಇದ್ದುದರಲ್ಲಿ ಹಿತವಾಗಿ ನಡೆದುಬಂದಿರುವದು. ಕಾರಹುಣ್ಣಿವೆಯ ದಿನ ಎತ್ತಿಗೆ ಕೆಲಸವಿಲ್ಲ. ಅದರ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ ಮೆರೆಯಿಸುವರು. ಎಳ್ಳಮಾವಾಸ್ಯೆಗೆ ಮನೆಯವರೂ ಆಳುಗಳೂ ಕೂಡಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬುಗಳನ್ನು ಬೆಳೆಯ ನಡುವೆ ಕುಳಿತು ಉಣ್ಣುವರು. ಆ ಪಂಕ್ತಿಯಲ್ಲಿ ಆಳಿನವಳಿಗೆ ಮೊದಲು ಬಡಿಸಿ 'ಉಣ್ಣವ್ವಾ, ಈ ತೊಗರಿ ನಿನ್ನ ಕೈಯಿಂದ ಬಂದದ್ದು' ಎನ್ನುವ ಒಡತಿಯರನ್ನು ನಾವು ಬಲ್ಲೆವು. ಆಳುಗಳಿಗೆ ದೂರದಲ್ಲಿ ಎಲೆ ಹಾಕುವವರನ್ನೂ ಬಲ್ಲೆವು. ಆ ಊಟದ ನೆವದಿಂದ ಮರುದಿನದ ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿಯುವವರು ಮಾತ್ರ ಹಬ್ಬ ಮಾಡದಿದ್ದರೇ ಲೇಸು.

ಪಟ್ಟಣದ ಮನೆಗಳಲ್ಲಿ ಪಾತ್ರೆ ತಿಕ್ಕಿ ನೆಲ ಒರೆಸುವವಳ ಸಂಗತಿಯನ್ನು ಹೇಳಿ ಈ ಬರಹವನ್ನು ಮುಗಿಸುವೆವು. ದೀಪಾವಳಿಗೆ ಅವಳಿಗೊಂದು ಸೀರೆ, ಉಳಿದ ಹೋಳಿಗೆ, ಮಗಳ ಹಳೆಯ ಫ್ರಾಕು ಇವುಗಳನ್ನು ಕೊಡುವ ರೂಢಿಯು ಎಲ್ಲ ಕಡೆಗೂ ಇರುವದು. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಪಗಾರ ಹೆಚ್ಚಿಸೆಂದು ಅವಳು ಕೇಳಿದಾಗ ಈ ಸೀರೆಯ ಮಾತನ್ನೇ ಎತ್ತಿ ಅವಳ ಬಾಯಿ ಮುಚ್ಚಿಸುವದು ಸಲ್ಲದು. ಮನೆಗೆಲಸದವರಿಗೂ ಕನಿಷ್ಠ ವೇತನವುಂಟೆಂದು ನಮ್ಮ ಕರ್ನಾಟಕ ಸರಕಾರವು 2004ರಲ್ಲಿಯೇ ಆಜ್ಞೆ ಹೊರಡಿಸಿತು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಅವಳು ಬಾರದ ದಿನಗಳಿಗೆ ಗುರುತು ಹಾಕುವ ಗೃಹಿಣಿಯರು, ಆ ಕನಿಷ್ಠ ವೇತನವು ಈ ವರ್ಷ ಎಷ್ಟಿರುವದೆಂಬದನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದು, ಅದೇ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಲಿ. ವಾರಕ್ಕೊಂದು ರಜೆಯ ದಿನವನ್ನೂ ಅವಳನ್ನೇ ಕೇಳಿ ಗೊತ್ತುಮಾಡಲಿ. ಆಮೇಲೆ ಸೀರೆಯ ಬಣ್ಣವು ಯಾವದು ಬೇಕೆಂದು ಕೇಳಬಹುದು.